ವಿಳಾಸ ಗೊತ್ತಿದ್ದರೆ ಮನೆ ಸಿಗುತ್ತೆ!

ಬೆಂಗಳೂರಿನಲ್ಲಿ ನನ್ನ ಮೊದಲ ಸಂದರ್ಶನ. ಎದುರಿಗೆ ಲ್ಯಾಪ್‌ಟಾಪ್ ಇಟ್ಟು, ‘ಈ ಜೇಸನ್ ಫೈಲಿನಿಂದ ಎಲ್ಲ ಗ್ರಾಹಕರ ಪಿನ್‌ಕೋಡ್ ತೆಗೆಯಿರಿ. 20 ನಿಮಿಷ ಸಮಯ’ ಎಂದರು. ತೆರೆದು ನೋಡಿದರೆ ಆವರಣದೊಳಗೆ ಆವರಣ, ಅದರೊಳಗೆ ಇನ್ನೊಂದು. ನಾನು ಹುಡುಕಿ ಹುಡುಕಿ ಒಂದೊಂದನ್ನೇ ಕಾಪಿ ಮಾಡತೊಡಗಿದೆ. ಹನ್ನೊಂದನೆಯದಕ್ಕೆ ಸಮಯ ಮುಗಿಯಿತು. ಆ ರಾತ್ರಿ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊಸಪೇಟೆಗೆ ಬರುವವರೆಗೂ ಕಣ್ಣು ಮುಚ್ಚಲಿಲ್ಲ. ಪದವಿಯಲ್ಲಿ ಮೊದಲ ದರ್ಜೆ ಬಂದಿದ್ದರೂ ಒಂದು ಫೈಲು ಓದಲು ಬರಲಿಲ್ಲವಲ್ಲ ಎಂಬ ನಾಚಿಕೆ.

ಕಂಪ್ಲಿಯ ಮನೆಗೆ ಬಂದ ಮೇಲೆ ಸಂಡೂರಿನ ಗೆಳೆಯನಿಗೆ ಫೋನ್ ಮಾಡಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಮನೆಗೆ ಪತ್ರ ಹೇಗೆ ಬರುತ್ತೆ?’ ಜಿಲ್ಲೆ, ತಾಲ್ಲೂಕು, ಊರು, ಓಣಿ. ಪೋಸ್ಟ್‌ಮನ್ ಊರಿನ ಎಲ್ಲ ಬಾಗಿಲು ತಟ್ಟುವುದಿಲ್ಲ, ವಿಳಾಸ ಹಿಡಿದು ಬರುತ್ತಾನೆ. ಜೇಸನ್ ಫೈಲಿಗೂ ಹಾಗೆಯೇ ವಿಳಾಸ ಬರೆಯಬಹುದು. ಅದಕ್ಕೆ ‘ಜೆಕ್ಯೂ’ ಎಂಬ ಪುಟ್ಟ ಉಚಿತ ತಂತ್ರಾಂಶವಿದೆ. ಸ್ಟೀಫನ್ ಡೋಲನ್ 2012ರಲ್ಲಿ ರೂಪಿಸಿದ್ದು. ಹಳೆಯ ಲ್ಯಾಪ್‌ಟಾಪ್ ಸಾಕು. ಅದೂ ಇಲ್ಲದವರು ಮೊಬೈಲಿನ ಟರ್ಮಕ್ಸ್ ಆ್ಯಪ್‌ನಲ್ಲೇ ಕಲಿಯಬಹುದು.

ಅಭ್ಯಾಸಕ್ಕೆ ನಮ್ಮ ಊರುಗಳದ್ದೇ ಫೈಲು ಮಾಡಿಕೊಂಡೆ. ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಪಿನ್. ಹೀಗೆ ಬರೆದೆ:

."ಬಳ್ಳಾರಿ"."ಕಂಪ್ಲಿ"."ಪಿನ್"

583132 ಎಂದು ಬಂತು! ಪ್ರತಿ ಚುಕ್ಕಿಯೂ ಒಂದು ಬಾಗಿಲು ತೆರೆದು ಒಳಗೆ ಹೋದಂತೆ. ಕೀಲಿಪದ ಕನ್ನಡದಲ್ಲಿದ್ದರೆ ಉದ್ಧರಣ ಚಿಹ್ನೆ ಕಡ್ಡಾಯ. ಇದು ತಿಳಿಯದೆ ನಾನು ಒಂದು ಸಂಜೆ ಕಳೆದೆ. ಪಟ್ಟಿಯಲ್ಲಿ ಎಣಿಕೆ ಸೊನ್ನೆಯಿಂದ ಶುರು, ಮೊದಲನೆಯದು [0]. ಸಂಖ್ಯೆ ಬರೆಯದೆ ಬರೀ [] ಎಂದರೆ ಎಲ್ಲವೂ ಸಾಲಾಗಿ ಬರುತ್ತವೆ. ಸಂದರ್ಶನದ ಪ್ರಶ್ನೆಗೆ ಬೇಕಿದ್ದದ್ದು ಇಷ್ಟೇ!

ಆದರೆ ನಿಜವಾದ ಪಾಠ ಕಲಿಸಿದ್ದು ಹೊಸಪೇಟೆ. ಗೆಳೆಯ 2020ರ ಪಟ್ಟಿಗೆಂದು ಬರೆದಿದ್ದ ವಿಳಾಸಗಳನ್ನು ಕಳಿಸಿದ್ದ. ನನ್ನ ಹೊಸ ಫೈಲಿನ ಮೇಲೆ ಓಡಿಸಿದರೆ ಸಂಡೂರು, ಕಂಪ್ಲಿ ಸರಿಯಾಗಿ ಬಂದವು. ಹೊಸಪೇಟೆಗೆ ಮಾತ್ರ ‘ನಲ್’, ಅಂದರೆ ಏನೂ ಇಲ್ಲ. ಕಾಗುಣಿತ ತಿದ್ದಿದೆ, ಫೈಲು ಮತ್ತೆ ಮಾಡಿದೆ, ಪ್ರಯೋಜನವಾಗಲಿಲ್ಲ. ಆಮೇಲೆ ಹೊಳೆಯಿತು: 2021ರಲ್ಲಿ ವಿಜಯನಗರ ಜಿಲ್ಲೆಯಾಯಿತು. ಹೊಸಪೇಟೆ, ಅದರೊಟ್ಟಿಗೆ ಹಂಪಿಯೂ ಬಳ್ಳಾರಿಯಿಂದ ಆಚೆ ಹೋದವು. ಸಂಡೂರು, ಕಂಪ್ಲಿ ಅಲ್ಲೇ ಉಳಿದವು. ಊರು ಇದ್ದಲ್ಲೇ ಇದೆ, ವಿಳಾಸ ಬದಲಾಗಿದೆ!

ಜೆಕ್ಯೂ ಇದನ್ನು ತಪ್ಪು ಎಂದು ಹೇಳಲಿಲ್ಲ, ಸುಮ್ಮನೆ ‘ನಲ್’ ಎಂದಿತು. ಸಾವಿರಾರು ಸಾಲುಗಳ ನಡುವೆ ಇಂಥದ್ದೊಂದು ಬಿದ್ದರೆ ಯಾರ ಕಣ್ಣಿಗೂ ಬೀಳದು. ಅದು ವಿದ್ಯಾರ್ಥಿವೇತನದ ಪಟ್ಟಿಯಾಗಿದ್ದರೆ? ಒಂದಿಡೀ ತಾಲ್ಲೂಕಿನ ಮಕ್ಕಳ ಹೆಸರೇ ಬಿಟ್ಟುಹೋಗುತ್ತಿತ್ತು.

ಅಂದಿನಿಂದ ಎರಡು ಅಭ್ಯಾಸ ಮಾಡಿಕೊಂಡಿದ್ದೇನೆ. ಮೊದಲು ‘ಕೀಸ್’ ಆದೇಶ ಕೊಟ್ಟು ಒಳಗೆ ಏನೇನಿದೆ ಎಂದು ನೋಡುವುದು. ಕೊನೆಗೆ ‘ಲೆಂತ್’ ಕೊಟ್ಟು, ಬರಬೇಕಾದಷ್ಟು ಬಂದಿವೆಯೇ ಎಂದು ಎಣಿಸುವುದು. ಯಾವ ಆಳದಲ್ಲಿದೆ ಎಂದೇ ಗೊತ್ತಿಲ್ಲದಿದ್ದರೆ ಎರಡು ಚುಕ್ಕಿ (..) ಇಟ್ಟು ಫೈಲು ಪೂರ್ತಿ ಜಾಲಾಡಬಹುದು. ಇದೇ ವಿಚಾರದ ‘ಜೇಸನ್‌ಪಾತ್’ ಅನ್ನು 2007ರಲ್ಲಿ ಸ್ಟೆಫಾನ್ ಗೋಸ್ನರ್ ಪರಿಚಯಿಸಿದ್ದರು. 2024ರಲ್ಲಿ ಅದಕ್ಕೆ ಅಧಿಕೃತ ಮಾನದಂಡವೂ ಬಂದಿದೆ. ಒಂದನ್ನು ಕಲಿತರೆ ಇನ್ನೊಂದು ಸುಲಭ.

ಕಳೆದ ತಿಂಗಳು ಮತ್ತೊಂದು ಸಂದರ್ಶನಕ್ಕೆ ಹೋಗಿದ್ದೆ. ಅಲ್ಲೂ ಅಂಥದ್ದೇ ಫೈಲು. ಐದು ನಿಮಿಷದಲ್ಲಿ ಮುಗಿಸಿ, ‘ಮೂರು ಕಡೆ ನಲ್ ಇದೆ, ಒಮ್ಮೆ ಪರಿಶೀಲಿಸಬೇಕು ಸರ್’ ಎಂದೆ. ಅವರು ತಲೆಯೆತ್ತಿ ನೋಡಿದರು.

ಆಯ್ಕೆಯ ಕರೆ ಇನ್ನೂ ಬಂದಿಲ್ಲ. ಆದರೆ ಈ ಸಲ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಚೆನ್ನಾಗಿ ನಿದ್ದೆ ಬಂತು.