ಶಾಲೆಯ ಅತಿ ಭಾರದ ಹುದ್ದೆ ಯಾವುದು? ಸೇಲಂ, ಧರ್ಮಪುರಿ ಜಿಲ್ಲೆಗಳ ಸರ್ಕಾರಿ ಪ್ರಾಥಮಿಕ ಶಾಲೆಗಳನ್ನು ಕುರಿತು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದಿಲ್ಲ.)

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಂಡಿದ್ದೀನಿ. ಪರದೆ ಮೇಲೆ ತೋರಿಸೋಕೆ ಚಿತ್ರ, ಕೋಷ್ಟಕ ಏನೂ ಇಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೆ ಬರ್ತೀನಿ.

ಶಾಲೆಯಲ್ಲಿ ಅತಿ ಹೆಚ್ಚು ಶ್ರಮ ಬೇಡುವ ಹುದ್ದೆ ಯಾವುದು ಅಂತ ಕೇಳಿದರೆ ಸಾಮಾನ್ಯವಾಗಿ ನಾವು ಮುಖ್ಯೋಪಾಧ್ಯಾಯರಿಂದ ಶುರು ಮಾಡಿ ಏಣಿ ಇಳಿಯುತ್ತಾ ಬರುತ್ತೇವೆ. ಜವಾಬ್ದಾರಿ, ವೇತನ, ಅಧಿಕಾರ ಮೂರನ್ನೂ ಒಂದೇ ತಕ್ಕಡಿಗೆ ಹಾಕುತ್ತೇವೆ. ನಾನು ಬೇರೆ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೀನಿ. ಆ ಕೆಲಸವನ್ನು ನಾಳೆಗೆ ಮುಂದೂಡಬಹುದೆ? ಆ ವ್ಯಕ್ತಿ ಒಂದು ದಿನ ಬರದಿದ್ದರೆ ಯಾರು ಮಾಡ್ತಾರೆ? ತಪ್ಪಾದರೆ ಯಾರ ತಲೆಗೆ ಬರುತ್ತೆ?

ಮೊದಲೇ ಒಂದು ಮಾತು ಹೇಳಿಬಿಡಬೇಕು. ನಾನು ಸೇಲಂನ ಕನ್ನಡ ಮಾತನಾಡುವ ನೇಕಾರ ಕುಟುಂಬದವಳು. ಮಗ್ಗ ನಿಂತ ಮೇಲೆ ನಮ್ಮ ಅಮ್ಮ ಒಂದು ಸರ್ಕಾರಿ ಶಾಲೆಯ ಮಧ್ಯಾಹ್ನದ ಊಟದ ಕೇಂದ್ರದಲ್ಲಿ ಅಡುಗೆ ಸಹಾಯಕಿಯಾಗಿ ಸೇರಿದರು, ಹದಿನಾರು ವರ್ಷ ಕೆಲಸ ಮಾಡಿದರು. ಆದ್ದರಿಂದ ನನ್ನ ತೀರ್ಮಾನದಲ್ಲಿ ಪಕ್ಷಪಾತ ಇರಬಹುದು. ಕೇಳುವವರು ಅದನ್ನು ಕಳೆದುಕೊಂಡೇ ಕೇಳಬೇಕು.

ಪ್ರದೇಶದ ಬಗ್ಗೆ ಎರಡು ಮಾತು. ಸೇಲಂ, ಧರ್ಮಪುರಿ ಅಂತ ಇವತ್ತು ಬೇರೆ ಬೇರೆ ಹೇಳಿದರೂ 1965ರ ತನಕ ಅದು ಒಂದೇ ಜಿಲ್ಲೆ. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರೆಯಾಯಿತು. ಹೊಸೂರು, ದೇನ್ಕನಿಕೋಟೆ ಕಡೆಯ ಕನ್ನಡದ ಊರುಗಳು ಆ ಪಾಲಿಗೆ ಹೋದವು. ಉಳಿದ ಎರಡು ಜಿಲ್ಲೆಗಳಲ್ಲಿ ಬಯಲಿನ ಶಾಲೆಗಳೂ ಇವೆ, ಏರ್ಕಾಡು, ಕಲ್ವರಾಯನ್, ಸಿತ್ತೇರಿ ಬೆಟ್ಟಗಳ ಶಾಲೆಗಳೂ ಇವೆ. ಬೆಟ್ಟದ ಮಕ್ಕಳಲ್ಲಿ ಹೆಚ್ಚಿನವರು ಮಲಯಾಳಿ ಬುಡಕಟ್ಟಿನವರು. ಹೆಸರು ಕೇಳಿ ಕೇರಳದವರು ಅಂದುಕೊಳ್ಳಬೇಡಿ. ಮಲೆಯನ್ನು ಆಳಿದವರು, ಮಲೆಯಲ್ಲಿ ಇರುವವರು ಅನ್ನೋ ಅರ್ಥ. ಅವರ ಮಾತು ತಮಿಳೇ.

ಈಗ ಮುಖ್ಯೋಪಾಧ್ಯಾಯರನ್ನು ತೆಗೆದುಕೊಳ್ಳೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಪ್ರಾಥಮಿಕ ಶಾಲೆಗೆ ಪಾಠದ ಹೊರೆ ಇಲ್ಲದ ಪ್ರತ್ಯೇಕ ಮುಖ್ಯ ಶಿಕ್ಷಕರ ಮಾತು ಬರೋದು ಮಕ್ಕಳ ಸಂಖ್ಯೆ 150 ದಾಟಿದ ಮೇಲೆ. ಸಣ್ಣ ಊರಿನ ಶಾಲೆಗೆ ಅಷ್ಟು ಮಕ್ಕಳು ಎಲ್ಲಿಂದ ಬರಬೇಕು? ಹಾಗಾಗಿ ಇಬ್ಬರಲ್ಲಿ ಒಬ್ಬರು ಮುಖ್ಯೋಪಾಧ್ಯಾಯರೂ ಹೌದು, ಎರಡೋ ಮೂರೋ ತರಗತಿಗಳ ಶಿಕ್ಷಕರೂ ಹೌದು, ಗುಮಾಸ್ತರೂ ಹೌದು. ಬೆಳಿಗ್ಗೆ ‘ಎಮಿಸ್’ನಲ್ಲಿ ಹಾಜರಿ ಹಾಕಬೇಕು, ಪುಸ್ತಕ, ಸಮವಸ್ತ್ರ ಬಂದರೆ ಲೆಕ್ಕ ಬರೆಯಬೇಕು, ಶಾಲಾ ನಿರ್ವಹಣಾ ಸಮಿತಿಯ ಸಭೆ ನಡೆಸಬೇಕು. ಇನ್ನೊಬ್ಬ ಟೀಚರ್ ತರಬೇತಿಗೆ ಹೋದ ದಿನ ಐದೂ ತರಗತಿ ಒಬ್ಬರ ಮೇಲೆ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಾಕಬಾರದು ಅಂತ ಅದೇ ಕಾಯ್ದೆಯ 27ನೇ ಕಲಮು ಹೇಳುತ್ತೆ. ಆದರೆ ಆ ‘ಬಿಟ್ಟು’ ಅನ್ನುವುದರೊಳಗೇ ಎಷ್ಟೋ ದಿನ ಹೋಗಿಬಿಡುತ್ತೆ.

ಇದು ಭಾರದ ಕೆಲಸ ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ನನ್ನ ಮೊದಲ ಪ್ರಶ್ನೆ ಹಾಕಿ ನೋಡಿದರೆ ಇದರ ಕಾಗದದ ಭಾಗವೆಲ್ಲ ಮುಂದೂಡಬಹುದಾದದ್ದು. ಮೇಲಿನಿಂದ ಫೋನು ಬರುತ್ತೆ, ಬೈಗುಳ ಬೀಳುತ್ತೆ, ಆದರೂ ಸಂಜೆ ಮಾಡಬಹುದು. ಮುಂದೂಡಲಾಗದ ಭಾಗ ಒಂದೇ: ಒಂದನೇ ತರಗತಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ತಮಿಳುನಾಡಿನಲ್ಲಿ 2022ರಲ್ಲಿ ‘ಎಣ್ಣುಂ ಎಳುತ್ತುಂ’ ಯೋಜನೆ ಬಂದಾಗ ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಓದು, ಬರಹ, ಲೆಕ್ಕ ಗಟ್ಟಿಯಾಗಬೇಕು ಅನ್ನೋದೇ ಗುರಿಯಾಗಿತ್ತು. ಎರಡು ಶಿಕ್ಷಕರ ಶಾಲೆಯಲ್ಲಿ ಆ ಮೂರು ತರಗತಿ ಒಂದೇ ಕೋಣೆಯಲ್ಲಿ ಕೂತಿರುತ್ತೆ. ಅದರಲ್ಲಿ ಮನೆಮಾತು ಬೇರೆಯಾದ ಮಗು ಒಂದಿದ್ದರೆ? ನಾನು ಅಂಥ ಮಗು. 2004ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದೆ. ಹಾಲಿನ ಚಿತ್ರ ತೋರಿಸಿದಾಗ ‘ಹಾಲು’ ಅಂದೆ, ಕೋಣೆಯೆಲ್ಲ ನಕ್ಕಿತು. ನಮ್ಮ ಟೀಚರಮ್ಮನಿಗೆ ಕನ್ನಡ ಬರ್ತಿರಲಿಲ್ಲ. ಆದರೆ ಅವರು ನಗಲಿಲ್ಲ, ತಿದ್ದಲೂ ಇಲ್ಲ. ನನ್ನ ಬಾಯಿಂದ ಬರುವ ಮಾತುಗಳನ್ನು ಒಂದು ವಾರ ಕೇಳಿಸಿಕೊಂಡರು. ಹಾಲು, ಹಲ್ಲು, ಹೂವು, ಹತ್ತು. ಆಮೇಲೆ ಒಂದು ಆಟ ಕಟ್ಟಿದರು: ನೀನು ‘ಹ’ ಕೊಡು, ನಾನು ‘ಪ’ ಕೊಡ್ತೀನಿ. ಪಾಲ್, ಪಲ್, ಪೂ, ಪತ್ತು. ಹಳಗನ್ನಡದಲ್ಲೂ ಇವು ಪಕಾರದಿಂದಲೇ ಶುರುವಾಗುತ್ತಿದ್ದವು, ಆಮೇಲೆ ಹಕಾರವಾದವು ಅಂತ ನಾನು ಓದಿದ್ದು ಎಂ.ಎ.ಯಲ್ಲಿ. ಅವರಿಗೆ ಆ ಚರಿತ್ರೆ ಗೊತ್ತಿರಲಿಲ್ಲ, ಕಿವಿ ಇತ್ತು. ಆ ವಾರ ಅವರು ಬೇರೆ ಕೆಲಸದಲ್ಲಿದ್ದಿದ್ದರೆ ನಾನು ಬಾಯಿ ಮುಚ್ಚಿಕೊಂಡ ಮಗುವಾಗಿ ಉಳೀತಿದ್ದೆನೇನೋ. ಈ ಕೆಲಸವನ್ನು ಸಂಜೆ ಕೂತು ಮಾಡೋಕಾಗಲ್ಲ.

ಬೆಟ್ಟದ ಕಡೆಯ ಸರ್ಕಾರಿ ಬುಡಕಟ್ಟು ವಸತಿ ಶಾಲೆಗಳ ಬಗ್ಗೆ ಬೇಗ ಹೇಳಿ ಮುಗಿಸ್ತೀನಿ. ಅಲ್ಲಿ ಎಷ್ಟೋ ಕಡೆ ಹಗಲು ಪಾಠ ಮಾಡುವವರೇ ರಾತ್ರಿ ವಾರ್ಡನ್. ರಾತ್ರಿ ಮಗುವಿಗೆ ಜ್ವರ ಬಂದರೆ ಕೆಳಗಿಳಿದು ಆಸ್ಪತ್ರೆಗೆ ಹೋಗೋದೋ, ಬೆಳಗಾಗಲಿ ಅನ್ನೋದೋ, ಆ ನಿರ್ಧಾರ ಒಬ್ಬರದೇ. ಮೂರು ಪ್ರಶ್ನೆಗಳಿಗೂ ಈ ಹುದ್ದೆ ಸಿಕ್ಕಿಬೀಳುತ್ತೆ. ಅದಕ್ಕೆ ಪ್ರತ್ಯೇಕ ಪ್ರಬಂಧವೇ ಬೇಕು.

ಇನ್ನು ಅಡುಗೆಮನೆ. ತಮಿಳುನಾಡಿನಲ್ಲಿ ಶಾಲಾ ಊಟ ಕಾಮರಾಜರ ಕಾಲದ್ದು. 1982ರ ಜುಲೈ 1ರಂದು ಎಂ.ಜಿ.ಆರ್. ಸರ್ಕಾರ ಅದನ್ನು ದೊಡ್ಡದಾಗಿ ವಿಸ್ತರಿಸಿತು. ಅದರ ಹೆಸರು ‘ಸತ್ತುಣವು’. ತಮಿಳಿನಲ್ಲಿ ‘ಸತ್ತು’ ಅಂದರೆ ಸತ್ವ. ನಮ್ಮ ಅಜ್ಜಿಗೆ ಮಾತ್ರ ಈ ಹೆಸರು ಕೊನೆವರೆಗೂ ಹಿಡಿಸಲಿಲ್ಲ, “ಮಕ್ಕಳು ಉಣ್ಣೋ ಊಟಕ್ಕೆ ಇಂಥ ಹೆಸರಿಡ್ತಾರೇನೇ?” ಅಂತಿದ್ದರು. ಕೇಂದ್ರಕ್ಕೆ ಒಬ್ಬರು ಸಂಘಟಕಿ, ಒಬ್ಬರು ಅಡುಗೆಯವರು, ಒಬ್ಬರು ಸಹಾಯಕಿ. ಮಕ್ಕಳ ಬಾಯಲ್ಲಿ ಅಡುಗೆಯವರೂ ಸಹಾಯಕಿಯೂ ಇಬ್ಬರೂ ‘ಆಯಾ’.

ಲೆಕ್ಕ ನೋಡಿ. ಕೇಂದ್ರದ ಮಾನದಂಡದಂತೆ ಪ್ರಾಥಮಿಕ ಶಾಲೆಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನು. 60 ಮಕ್ಕಳಿಗೆ 6 ಕಿಲೊ ಅಕ್ಕಿ, ಜೊತೆಗೆ ಬೇಳೆ, ತರಕಾರಿ. ತಮಿಳುನಾಡಿನಲ್ಲಿ ವಾರಕ್ಕೆ ಐದು ದಿನ ಮೊಟ್ಟೆ. ಅಂದರೆ ದಿನಾ 60 ಮೊಟ್ಟೆ ಬೇಯಿಸಿ, ಸುಲಿದು, ಒಡೆಯದ ಹಾಗೆ ತಟ್ಟೆಗೆ ಹಾಕಬೇಕು. ಬಿಸಿ ಮೊಟ್ಟೆ ಸುಲಿದವರಿಗೆ ಗೊತ್ತು, ಬೆರಳ ತುದಿ ಏನಾಗುತ್ತೆ ಅಂತ. ಇದೆಲ್ಲ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಆಗಬೇಕು. 2022ರಲ್ಲಿ ಶುರುವಾಗಿ 2023ರ ಆಗಸ್ಟ್‌ನಲ್ಲಿ ರಾಜ್ಯವ್ಯಾಪಿಯಾದ ಮುಖ್ಯಮಂತ್ರಿಗಳ ಬೆಳಗಿನ ಉಪಾಹಾರ ಯೋಜನೆಯನ್ನು ಸ್ವಸಹಾಯ ಸಂಘದ ಹೆಂಗಸರು ನಡೆಸುತ್ತಾರೆ. ಅವರು ಬೆಳಕು ಹರಿಯುವ ಮುಂಚೆ ಮನೆ ಬಿಡಬೇಕು.

ನೀರಿನದು ಇನ್ನೊಂದು ಕಥೆ. ಧರ್ಮಪುರಿಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಇರೋದು ಹಳೇ ಸಮಸ್ಯೆ. ಕುದಿಸಿದರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತೆ. ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆ ಆಗಿದ್ದೇ ಇದಕ್ಕಾಗಿ. ನಲ್ಲಿಯಲ್ಲಿ ಆ ನೀರು ಬಾರದ ದಿನ ಅನ್ನಕ್ಕೆ ಯಾವ ನೀರು ಅನ್ನೋದನ್ನು ತೀರ್ಮಾನಿಸೋದು ಜಿಲ್ಲಾಧಿಕಾರಿ ಅಲ್ಲ, ಬಿಂದಿಗೆ ಹಿಡಿದ ಆಯಾ.

ತಪ್ಪಾದರೆ ಯಾರ ತಲೆಗೆ ಅನ್ನೋ ಪ್ರಶ್ನೆಗೆ ನನಗೆ ಮರೆಯಲಾಗದ ತಾರೀಖು 2004ರ ಜುಲೈ 16. ಕುಂಭಕೋಣದ ಒಂದು ಖಾಸಗಿ ಶಾಲೆಯಲ್ಲಿ ಊಟದ ಅಡುಗೆಮನೆಯ ಬೆಂಕಿ ಗರಿಯ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ನಾನು ಶಾಲೆಗೆ ಸೇರಿ ಆರು ವಾರ ಆಗಿತ್ತು. ಅಮ್ಮ ಬೇರೊಂದು ಶಾಲೆಯ ಒಲೆ ಮುಂದೆ ಇದ್ದರು. ಹತ್ತು ವರ್ಷದ ನಂತರ, 2014ರಲ್ಲಿ, ವಿಚಾರಣಾ ನ್ಯಾಯಾಲಯ ತಪ್ಪಿತಸ್ಥರೆಂದ ಹತ್ತು ಜನರಲ್ಲಿ ಶಾಲೆ ನಡೆಸಿದವರ ಜೊತೆ ಊಟದ ಸಂಘಟಕಿಯೂ ಇದ್ದರು, ಅಡುಗೆಯಾಕೆಯೂ ಇದ್ದರು. ತೀರ್ಪಿನ ಸರಿತಪ್ಪು ನಾನು ಹೇಳ್ತಿಲ್ಲ. ಸಂಬಳದ ಪಟ್ಟಿಯಲ್ಲಿ ಕಟ್ಟಕಡೆಯ ಹೆಸರು ಹೊಣೆಯ ಪಟ್ಟಿಯಲ್ಲಿ ಕಟ್ಟಕಡೆಯದಲ್ಲ, ಅಷ್ಟನ್ನು ಗಮನಿಸಬೇಕು. ತಮಿಳುನಾಡಿನ ಈ ನೌಕರರಿಗೆ ಇರೋದು ವಿಶೇಷ ಕಾಲಶ್ರೇಣಿ ವೇತನ. ಸಾಮಾನ್ಯ ಸರ್ಕಾರಿ ನೌಕರರ ಶ್ರೇಣಿ ಕೊಡಿ ಅನ್ನೋದು ಅವರ ಸಂಘಗಳ ಹಳೇ ಬೇಡಿಕೆ.

ಜಾತಿಯ ಭಾರವನ್ನೂ ಬಿಡೋಕಾಗಲ್ಲ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲೇ ಹೇಳಿದೆ. 2018ರಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿ ತಾಲೂಕಿನ ಒಂದು ಶಾಲೆಯಲ್ಲಿ ದಲಿತ ಹೆಂಗಸು ಅಡುಗೆ ಮಾಡಬಾರದು ಅಂತ ಊರವರು ತಡೆದರು. ಊಟ ರುಚಿ ನೋಡೋದು ಶಿಕ್ಷಕರ ಕರ್ತವ್ಯ ಅಂತ ನಿಯಮ ಇದೆ: ಬಡಿಸುವ ಮುಂಚೆ ಇಬ್ಬರು ಮೂವರು ದೊಡ್ಡವರು, ಅವರಲ್ಲಿ ಒಬ್ಬರಾದರೂ ಶಿಕ್ಷಕರು, ತಿಂದು ನೋಡಬೇಕು. ಅದು ಆರೋಗ್ಯಕ್ಕೆ ಮಾಡಿದ ನಿಯಮ. ಆದರೆ ಮಕ್ಕಳ ಎದುರಿಗೆ ಟೀಚರ್ ಆ ತುತ್ತು ತಿನ್ನೋದು, ತಿನ್ನದೇ ಇರೋದು ಎರಡೂ ಪಾಠವೇ.

ಇಷ್ಟು ಹೇಳಿ ನಿಲ್ಲಿಸಿದಾಗ ಒಬ್ಬ ಗುರುಗಳು ಕೇಳಿದರು: “ಅಲ್ಲಮ್ಮಾ, ಒಂದನೇ ತರಗತಿ ಟೀಚರಿಗೂ ಅಡುಗೆಯಾಕೆಗೂ ನೀನು ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟ ಹಾಗಾಯ್ತು. ಯಾವುದು ಹೆಚ್ಚು ಭಾರ, ಹೇಳು.”

ಎರಡನೇ ಪ್ರಶ್ನೆಯಲ್ಲಿ ವ್ಯತ್ಯಾಸ ಇದೆ, ಸರ್. ಟೀಚರ್ ರಜೆ ಹಾಕಿದರೆ ಪಾಠ ಕೆಡುತ್ತೆ, ಆದರೆ ಪಕ್ಕದ ಟೀಚರ್ ಕೋಣೆ ನೋಡಿಕೊಳ್ತಾರೆ, ರಜೆ ಹಾಕಿದವರ ಸಂಬಳ ಹಾಗೇ ಬರುತ್ತೆ. ನಮ್ಮಮ್ಮನಿಗೂ ಕಾಗದದ ಮೇಲೆ ರಜೆ ಇತ್ತು, ಬದಲಿ ಇರಲಿಲ್ಲ. ಒಬ್ಬರಿಂದಲೇ ಅಡುಗೆ ಆಗಲ್ಲ, ಮಕ್ಕಳು ಹಸಿದಿರೋಕೂ ಆಗಲ್ಲ. ಹಾಗಾಗಿ ಜ್ವರ ಬಂದ ದಿನ ಪಕ್ಕದ ಮನೆ ಅಕ್ಕನನ್ನು ತಮ್ಮ ಕೈಯಿಂದ ದುಡ್ಡು ಕೊಟ್ಟು ಕಳಿಸುತ್ತಿದ್ದರು. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಒಂದೇ ವರ್ಷದಲ್ಲಿ ಹನ್ನೊಂದು ಕಡೆ ‘ಬದಲಿ’ ಅಂತ ಇದೆ, ಎದುರಿಗೆ ಮೊತ್ತ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಹನ್ನೊಂದು ದಿನವೂ ಅಮ್ಮ ಹಾಜರು. ನನ್ನ ಮುಂದಿನ ಕೆಲಸ ಇಂಥ ಮನೆಲೆಕ್ಕದ ಪುಸ್ತಕಗಳನ್ನು ಹುಡುಕೋದು. ಈ ಎರಡು ಜಿಲ್ಲೆಗಳಲ್ಲಿ ಯಾರ ಮನೆಯಲ್ಲಾದರೂ ಇದ್ದರೆ ದಯವಿಟ್ಟು ತಿಳಿಸಿ.