ಗಿರಣಿಯ ಶಾಂತಿ

ಕೈಗಾರಿಕಾ ಶಾಂತಿ ಎಂದೊಡನೆ ಮುಷ್ಕರವಿಲ್ಲದ ಕಾರ್ಖಾನೆಯೆಂದು ಅನೇಕರು ತಿಳಿಯುವರು. ಕೂಲಿಕಾರನು ಬಾಯಿ ಮುಚ್ಚಿಕೊಂಡು ದುಡಿದರೂ ಮುಷ್ಕರವಿರುವುದಿಲ್ಲ. ಅದನ್ನು ಶಾಂತಿಯೆನ್ನಲು ನನ್ನ ಮನಸ್ಸು ಒಪ್ಪದು. ಮಾಲೀಕ, ಕಾರ್ಮಿಕ ಇಬ್ಬರಿಗೂ ಜಗಳವಾಡುವ ಶಕ್ತಿಯಿದ್ದು, ಅದನ್ನು ತೀರಿಸಿಕೊಳ್ಳುವ ದಾರಿಯನ್ನು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಈ ಮಾತಿಗೆ ಅಹಮದಾಬಾದಿನ ಬಟ್ಟೆ ಗಿರಣಿಗಳ ಇತಿಹಾಸಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋರುವುದಿಲ್ಲ.

1917ರಲ್ಲಿ ಆ ಊರಿಗೆ ಪ್ಲೇಗು ಬಂದಿತು. ಜನ ಊರು ಬಿಡತೊಡಗಲು, ನೇಯ್ಗೆಯವರನ್ನು ಉಳಿಸಿಕೊಳ್ಳುವುದಕ್ಕಾಗಿ ಮಾಲೀಕರು ಪ್ಲೇಗ್ ಬೋನಸ್ ಕೊಟ್ಟರು. ರೋಗ ಇಳಿದ ಮೇಲೆ ಅದನ್ನು ನಿಲ್ಲಿಸಹೊರಟರು. ಆದರೆ ಯುದ್ಧಕಾಲದ ಬೆಲೆಗಳು ಇಳಿದಿರಲಿಲ್ಲ. ಕೂಲಿಯಲ್ಲಿ ಶೇಕಡ 50 ಹೆಚ್ಚಳವಾಗಲೆಂದು ಕಾರ್ಮಿಕರು ಕೇಳಿದರು. ಮಾಲೀಕರು 20ರ ಮೇಲೆ ಏರಲೊಲ್ಲರು. 1918ರ ಫೆಬ್ರವರಿ 22ರಿಂದ ಗಿರಣಿಗಳಿಗೆ ಬೀಗ ಬಿದ್ದಿತು. ಗಾಂಧೀಜಿಯವರು ಲೆಕ್ಕಗಳನ್ನು ವಿಚಾರಿಸಿ 35 ನ್ಯಾಯವೆಂದರು. ಅದಕ್ಕಿಂತ ಕಡಮೆಗೆ ಒಪ್ಪುವುದಿಲ್ಲವೆಂದು ಕಾರ್ಮಿಕರು ಪ್ರತಿಜ್ಞೆ ಮಾಡಿದರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿಯವರು. ಕಾರ್ಮಿಕರ ಪಕ್ಷ ಹಿಡಿದ ಅನಸೂಯಾಬೆನ್ ಅವರ ಒಡಹುಟ್ಟಿದ ಅಕ್ಕ!

ದಿನ ಕಳೆದಂತೆ ಹಸಿವಿನಿಂದ ಕಾರ್ಮಿಕರ ಪಟ್ಟು ಸಡಿಲವಾಯಿತು. ಮಾರ್ಚ್ 15ರಂದು ಗಾಂಧೀಜಿಯವರು ಉಪವಾಸ ಹೂಡಿದರು. ಸ್ನೇಹಿತರಾದ ಮಾಲೀಕರ ಮೇಲೆ ಇದರಿಂದ ಒತ್ತಾಯ ಬಿದ್ದಿತೆಂದು ಅವರೇ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾರೆ. ಮೂರು ದಿನಗಳಲ್ಲಿ ರಾಜಿಯಾಯಿತು.

ಆ ರಾಜಿಯೇ ಬಲು ಸ್ವಾರಸ್ಯವಾದುದು. ಮೊದಲನೆಯ ದಿನ ಶೇಕಡ 35 ಹೆಚ್ಚಳ: ಕಾರ್ಮಿಕರ ಪ್ರತಿಜ್ಞೆ ಉಳಿಯಿತು. ಎರಡನೆಯ ದಿನ 20: ಮಾಲೀಕರ ಮಾತು ಉಳಿಯಿತು. ಮೂರನೆಯ ದಿನದಿಂದ ಪಂಚಾಯ್ತಿಯ ತೀರ್ಪು ಬರುವವರೆಗೆ ಇವೆರಡರ ನಡುವಣ 27½. ಇದೇನು ಮಕ್ಕಳಾಟವೆಂದು ನಗುವವರು ನಗಬಹುದು. ಆದರೆ ಮಾನದ ಪ್ರಶ್ನೆ ಎರಡು ದಿನಗಳಲ್ಲಿ ತೀರಿ, ಹಣದ ಪ್ರಶ್ನೆಯೊಂದೇ ಉಳಿಯಿತು. ಹಣದ ಪ್ರಶ್ನೆಯನ್ನು ಲೆಕ್ಕದಿಂದ ಬಿಡಿಸಬಹುದು. ಪಂಚರಾದ ಪ್ರೊಫೆಸರ್ ಆನಂದಶಂಕರ ಧ್ರುವ ಅವರು ಕಡೆಗೆ 35 ಎಂದೇ ತೀರ್ಪಿತ್ತರು.

1920ರಲ್ಲಿ ಮಜೂರ್ ಮಹಾಜನ ಎಂಬ ಕಾರ್ಮಿಕ ಸಂಘ ಹುಟ್ಟಿತು. ಅದೇ ವರ್ಷ ಕಾರ್ಮಿಕರ ಪರವಾಗಿ ಗಾಂಧೀಜಿ, ಮಾಲೀಕರ ಪರವಾಗಿ ಮಂಗಳದಾಸ್ ಶೇಠ್ ಇವರಿದ್ದ ಶಾಶ್ವತ ಪಂಚಾಯ್ತಿಯೂ ಏರ್ಪಟ್ಟಿತು. ಇದರಿಂದ ಎಲ್ಲವೂ ಸುಗಮವಾಯಿತೆಂದಲ್ಲ. 1923ರಲ್ಲಿ ಮಾಲೀಕರು ಕೂಲಿಯನ್ನೇ ಕಡಿದರು. ಕಾರ್ಮಿಕರು ಮುಷ್ಕರ ಹೂಡಿ ಸೋತರು. ಬಲ ಒಂದೇ ಕಡೆ ವಾಲಿದಾಗ ಪಂಚಾಯ್ತಿಯ ಮಾತು ನಡೆಯಲಿಲ್ಲ.

ಸಹಕಾರವನ್ನು ಕಾನೂನಿನ ಮೂಲಕ ತರುವ ಯತ್ನವೂ ನಡೆಯಿತು. ನೂರು ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗಳಲ್ಲಿ ಇಬ್ಬರ ಪ್ರತಿನಿಧಿಗಳೂ ಕೂಡುವ ಸಮಿತಿಗಳಿಗೆ 1947ರ ಕೈಗಾರಿಕಾ ವಿವಾದಗಳ ಕಾಯಿದೆ ಎಡೆಮಾಡಿತು. ಸಮಿತಿಗಳೇನೋ ಆದವು. ಆದರೆ 1959ರ ಭಾರತೀಯ ಕಾರ್ಮಿಕ ಸಮ್ಮೇಳನವು ಕುಡಿಯುವ ನೀರು, ಗಾಳಿ ಬೆಳಕು, ಕ್ಯಾಂಟೀನುಗಳನ್ನು ಅವುಗಳಿಗೆ ಬಿಟ್ಟು, ಕೂಲಿಯನ್ನೂ ಬೋನಸ್ಸನ್ನೂ ಹೊರಗಿಟ್ಟಿತು. ಅಹಮದಾಬಾದಿನಲ್ಲಿ ಪಂಚರ ಮುಂದೆ ಬಂದದ್ದು ಆ ಕೂಲಿಯ ಲೆಕ್ಕವೇ.