ಹಾಡಿನ ಅರ್ಥ ಯಾರದು?

ಮೂವತ್ತು ವರ್ಷಗಳಿಗೂ ಮಿಕ್ಕಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವನು ನಾನು. ಕೆ. ಎಸ್. ನರಸಿಂಹಸ್ವಾಮಿಯವರ ‘ರಾಯರು ಬಂದರು’ ಎಂಬ ಹಾಡನ್ನು ಎಷ್ಟು ತರಗತಿಗಳಲ್ಲಿ ವಿವರಿಸಿದೆನೋ ಲೆಕ್ಕವಿಲ್ಲ. ಕಥೆ ತಮಗೆಲ್ಲ ಗೊತ್ತಿದ್ದದ್ದೇ. ಅಳಿಯ ರಾತ್ರಿಯ ಹೊತ್ತಿನಲ್ಲಿ ಮಾವನ ಮನೆಗೆ ಬರುತ್ತಾನೆ. ಉಪಚಾರಕ್ಕೆ ಕೊರತೆಯಿಲ್ಲ. ಆದರೆ ಯಾರನ್ನು ನೋಡಲೆಂದು ಬಂದನೋ ಆ ಹೆಂಡತಿ, ಪದುಮ, ಕಣ್ಣಿಗೆ ಬೀಳುವುದಿಲ್ಲ. ಆಕೆ ಒಳಗೆ ಇಲ್ಲವೆಂಬ ಸೂಚನೆಯಷ್ಟೇ ಸಿಗುತ್ತದೆ. ಬೆಳಗಾಗುತ್ತಲೆ ಆತ ಮುನಿಸಿನಿಂದ ಹೊರಡಲು ನಿಲ್ಲುತ್ತಾನೆ. ಆಗ ಸ್ನಾನಕ್ಕೆ ನೀರು ಸಿದ್ಧವಾಗಿದೆಯೆಂಬ ಮಾತು ನಾದಿನಿಯಿಂದ ಬರುತ್ತದೆ. ಕೊನೆಗೆ ಪದುಮ ಹೂ ಮುಡಿದು ಬರುತ್ತಾಳೆ.

ಒಂದು ವರ್ಷ ಹುಡುಗನೊಬ್ಬ ಎದ್ದು ನಿಂತು, “ಪದುಮ ರಾತ್ರಿ ಎಲ್ಲಿಗೆ ಹೋಗಿದ್ದಳು, ಸಾರ್?” ಎಂದು ಕೇಳಿದ. ನಾನು ಉತ್ತರಿಸುವುದಕ್ಕೆ ಮೊದಲೇ ಗೆಳೆಯರು ಉತ್ತರ ಕೊಟ್ಟರು. ನೆಂಟರ ಮನೆಗೆ ಎಂದನೊಬ್ಬ, ಜಾತ್ರೆಗೆ ಎಂದನಿನ್ನೊಬ್ಬ. ಗಂಡನ ಮೇಲಿನ ಕೋಪದಿಂದ ಅಡಗಿ ಕುಳಿತಿರಬೇಕೆಂದು ಮತ್ತೊಬ್ಬನ ಊಹೆ. ನಿಜವಾದ ಉತ್ತರ ನನಗೆ ತಿಳಿದಿತ್ತು. ನಮ್ಮ ಹಳೆಯ ಮನೆಗಳ ಮಾತಿನಲ್ಲಿ ‘ಹೊರಗಾಗುವುದು’ ಎಂದರೆ ಮುಟ್ಟಾಗುವುದು. ಮೂರು ದಿನ ಆಕೆ ಒಳಗೆ ಬರುವಂತಿಲ್ಲ. ನಾಲ್ಕನೆಯ ದಿನ ಬೆಳಗ್ಗೆ ಸ್ನಾನ. ಈ ತಿಳಿವಳಿಕೆಯಿದ್ದವರಿಗೆ ನಾದಿನಿಯ ಆ ಒಂದು ಮಾತಿನಲ್ಲಿ ಇಡೀ ಹಾಡು ಬೆಳಗುತ್ತದೆ. ಇಲ್ಲದವರಿಗೆ ಅದು ಬಿಸಿನೀರಿನ ಸುದ್ದಿ ಮಾತ್ರ. ಆದರೆ ಗಂಡು ಹೆಣ್ಣು ಕೂಡಿ ಕುಳಿತಿದ್ದ ಆ ತರಗತಿಯಲ್ಲಿ ಹೇಳಲು ನನಗೆ ಸಂಕೋಚವಾಯಿತು. “ಕವಿಯೇ ಹೇಳದೆ ಬಿಟ್ಟಿದ್ದಾರೆ, ನಾವೂ ಬಿಡೋಣ” ಎಂದು ಮುಂದಿನ ಪದ್ಯಕ್ಕೆ ಹೋದೆ. ಹೆಣ್ಣುಮಕ್ಕಳು ತಲೆ ತಗ್ಗಿಸಿ ಕುಳಿತಿದ್ದರು.

ಬಹಳ ವರ್ಷಗಳ ಮೇಲೆ ಅವರಲ್ಲಿ ಒಬ್ಬಾಕೆ ಮದುವೆಯ ಮನೆಯೊಂದರಲ್ಲಿ ಸಿಕ್ಕಳು. ತಾನೂ ಅಧ್ಯಾಪಕಿಯಾಗಿದ್ದಳು. ಮಾತಿನ ನಡುವೆ ಆ ದಿನದ ಪಾಠವನ್ನು ನೆನೆದು ಹೀಗೆಂದಳು: “ಸಾರ್, ರಾಯರ ನಿರಾಶೆಯನ್ನು ನೀವು ಬಹಳ ಚೆನ್ನಾಗಿ ವರ್ಣಿಸಿದಿರಿ. ನಾನು ಮಾತ್ರ ಪದುಮ ಆ ರಾತ್ರಿ ಎಲ್ಲಿ ಮಲಗಿದ್ದಳೋ ಎಂದು ಯೋಚಿಸುತ್ತಿದ್ದೆ. ನಮ್ಮ ಮನೆಯಲ್ಲಿ ಅದಕ್ಕೆ ಹಿತ್ತಲ ಕಡೆಯ ಜಗಲಿ ಇತ್ತು. ಒಂದು ಚಾಪೆ, ಒಂದು ಚೊಂಬು ನೀರು, ಅಷ್ಟೇ.”

ನಾನು ಅಷ್ಟು ವರ್ಷವೂ ಆ ಹಾಡನ್ನು ರಾಯರ ಮಂಚದ ಮೇಲೆ ಕುಳಿತು ಕೇಳಿದ್ದೆ. ಈಕೆ ಅದನ್ನು ಜಗಲಿಯ ಚಾಪೆಯಿಂದ ಕೇಳಿದ್ದಳು. ಹಾಡು ಒಂದೇ, ಪದಗಳೂ ಅವೇ.

ನಮ್ಮ ಪ್ರಾಚೀನ ಆಲಂಕಾರಿಕರು ಈ ಸಂಗತಿಯನ್ನು ಅರಿಯದವರಲ್ಲ. ಒಂಬತ್ತನೆಯ ಶತಮಾನದ ಆನಂದವರ್ಧನ ವಾಚ್ಯಾರ್ಥವನ್ನು ಮೀರಿದ ಧ್ವನಿಯೇ ಕಾವ್ಯದ ಆತ್ಮವೆಂದು ಪ್ರತಿಪಾದಿಸಿದ. ಅವನ ತರುವಾಯ ಬಂದ ಮಮ್ಮಟ ‘ಕಾವ್ಯಪ್ರಕಾಶ’ದಲ್ಲಿ ಸ್ವಾರಸ್ಯವಾದ ಒಂದು ನಿದರ್ಶನ ಕೊಡುತ್ತಾನೆ. ಸೂರ್ಯ ಮುಳುಗಿದನೆಂದು ಯಾರೋ ಹೇಳಿದರು ಎನ್ನಿ. ವಾಚ್ಯಾರ್ಥ ಎಲ್ಲರಿಗೂ ಒಂದೇ. ಆದರೆ ದನ ಕಾಯುವವನಿಗೆ ದನಗಳನ್ನು ಕೊಟ್ಟಿಗೆಗೆ ಹೊಡೆಯಬೇಕೆಂದು ಕೇಳಿಸುತ್ತದೆ. ವ್ಯಾಪಾರಿಗೆ ಸರಕನ್ನು ಎತ್ತಿಡಬೇಕೆಂದು. ಸಂಕೇತಸ್ಥಳಕ್ಕೆ ಹೊರಡಬೇಕಾದ ನಾಯಿಕೆಗೆ ಹೊತ್ತಾಯಿತೆಂದು. ಹೇಳಿದವರು ಯಾರು, ಕೇಳಿದವರು ಯಾರು, ದೇಶಕಾಲಗಳು ಎಂಥವು ಎಂಬುದನ್ನು ಅವಲಂಬಿಸಿ ವ್ಯಂಗ್ಯಾರ್ಥ ಹುಟ್ಟುತ್ತದೆ. ಕೇಳುಗನಿಲ್ಲದೆ ಧ್ವನಿಯಿಲ್ಲ.

ಹಾಗಾದರೆ ಕೇಳಿದವರು ಹೇಳಿದ್ದೆಲ್ಲ ಅರ್ಥವೆ? ಜಾತ್ರೆಗೆ ಹೋಗಿದ್ದಳೆಂಬುದೂ ಸರಿಯೆ? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನನ್ನದೇ ಒಂದು ಪ್ರಮಾದವನ್ನು ಒಪ್ಪಿಕೊಳ್ಳುತ್ತೇನೆ.

ಬೇಂದ್ರೆಯವರ ‘ನೀ ಹೀಂಗ ನೋಡಬ್ಯಾಡ ನನ್ನ’ ಎಂಬ ಗೀತವನ್ನು ಹದಿನಾರರ ಹರೆಯದಲ್ಲಿ ನಾನು ಪ್ರೇಮಗೀತೆಯೆಂದೇ ತಿಳಿದಿದ್ದೆ. ಇಂದಿಗೂ ಹಾಗೆ ತಿಳಿದು ಹಾಡುವವರುಂಟು, ಕೇಳಿ ತಲೆದೂಗುವವರುಂಟು. ಆದರೆ ಆ ಕವಿತೆಯ ಹಿಂದಿರುವುದು ಮಗುವಿನ ಸಾವು. ತಾನೂ ಕುಸಿದಿರುವ ತಂದೆ, ಮಗುವಿನ ತಾಯಿಯ ನೋಟವನ್ನು ಎದುರಿಸಲಾರದೆ ಆಡುವ ಮಾತು ಅದು. ಕವಿತೆಯಲ್ಲಿ ಒಂದೆಡೆ ಹಗಲಿನ ಮುಗಿಲಲ್ಲಿ ತೇಲುವ ಹುಣ್ಣಿಮೆಯ ಚಂದ್ರ ಹೆಣವಾಗಿ ಕಾಣುತ್ತಾನೆ. ಈ ಮಾತು ಕಿವಿಗೆ ಬಿದ್ದವನು ಇದನ್ನು ಪ್ರಣಯವೆಂದು ಭ್ರಮಿಸಲಾರ. ನನ್ನ ಕಿವಿಗೆ ಅದು ಬಿದ್ದಿರಲಿಲ್ಲವೆ? ಬಿದ್ದಿತ್ತು, ಮನಸ್ಸಿಗೆ ಇಳಿದಿರಲಿಲ್ಲ.

ಇದಕ್ಕೆ ಕಾರಣವನ್ನು ಹುಡುಕುವುದು ಕಷ್ಟವಲ್ಲ. ಪುಸ್ತಕದ ಕವಿತೆಯಲ್ಲಿ ಕಣ್ಣು ಹಿಂದಿನ ಸಾಲಿಗೆ ಮರಳಬಹುದು. ಹಾಡು ನಮಗಾಗಿ ನಿಲ್ಲುವುದಿಲ್ಲ. ಪಲ್ಲವಿ ಮಾತ್ರ ಪ್ರತಿ ಚರಣವಾದ ಮೇಲೂ ಹಿಂದಿರುಗಿ ಬರುತ್ತದೆ. ಆದ್ದರಿಂದ ನಾವು ಇಡೀ ಹಾಡಿನ ಅರ್ಥವನ್ನು ಪಲ್ಲವಿಯಿಂದಲೇ ನಿಶ್ಚಯಿಸಿಬಿಡುತ್ತೇವೆ. ಒಮ್ಮೆ ಮಾತ್ರ ಬರುವ ಚರಣದ ಮಾತು ಹಾದುಹೋಗುತ್ತದೆ. ಎರಡನೆಯದಾಗಿ, ರಾಗವು ಪದಕ್ಕಿಂತ ಮುಂಚೆ ಬಂದು ಮನಸ್ಸನ್ನು ಹದ ಮಾಡುತ್ತದೆ. ಧಾಟಿ ಇಂಪಾಗಿದ್ದರೆ ಅರ್ಥವೂ ಇಂಪಾಗಿರಬೇಕೆಂದು ನಾವು ನಂಬುತ್ತೇವೆ. ಮೂರನೆಯದಾಗಿ, ತಾಳಕ್ಕೆ ಹೊಂದುವಂತೆ ಸ್ವರಗಳನ್ನು ಎಳೆದಾಗ ಪದ ನಡುವೆ ಒಡೆಯುತ್ತದೆ. ಒಡೆದ ಪದವನ್ನು ಕೇಳುಗ ತನಗೆ ತೋರಿದಂತೆ ಕೂಡಿಸಿಕೊಳ್ಳುತ್ತಾನೆ.

ಇದಕ್ಕೆ ವಿರುದ್ಧವಾದ ಇನ್ನೊಂದು ನಿದರ್ಶನವಿದೆ. ಗೋಪಾಲಕೃಷ್ಣ ಅಡಿಗರ ‘ಮೋಹನ ಮುರಲಿ’ ಮನುಷ್ಯನ ತಣಿಯದ ಹಂಬಲವನ್ನು ಕುರಿತದ್ದು. ಕೈಗೆ ಸಿಕ್ಕ ಸುಖ ಸಾಲದೆ, ದೂರದ ಕರೆಯೊಂದಕ್ಕೆ ಓಗೊಟ್ಟು ಹೊರಡುವ ಜೀವದ ತುಡಿತ ಅಲ್ಲಿದೆ. 1997ರಲ್ಲಿ ಈ ಗೀತ ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ ಚಿತ್ರದಲ್ಲಿ ಸೇರಿ, ಕಡಲು ದಾಟಿ ಹೋದವರ ಕಥೆಗೆ ಹೊಂದಿಕೊಂಡಿತು. ಅಡಿಗರು 1992ರಲ್ಲಿಯೇ ತೀರಿಕೊಂಡಿದ್ದರು. ನಮ್ಮ ಬೀದಿಯಲ್ಲಿ ಮಕ್ಕಳನ್ನು ಪರದೇಶಕ್ಕೆ ಕಳುಹಿಸಿ ಇಬ್ಬರೇ ಉಳಿದ ವೃದ್ಧ ದಂಪತಿಗಳಿದ್ದರು. ರೇಡಿಯೋದಲ್ಲಿ ಈ ಹಾಡು ಬಂದಾಗ ಯಜಮಾನರು ಪತ್ರಿಕೆಯನ್ನು ಮಡಿಸಿ ಬದಿಗಿಡುತ್ತಿದ್ದರು. ಮಗನನ್ನು ಕರೆದೊಯ್ದ ಮುರಲಿ ಅದೇ ಎಂದು ಅವರ ತಿಳಿವಳಿಕೆ. ಬರೆದಾಗ ಕವಿಯ ಮನಸ್ಸಿನಲ್ಲಿ ವಿಮಾನವೂ ಇರಲಿಲ್ಲ, ಅಮೆರಿಕೆಯೂ ಇರಲಿಲ್ಲ ಎಂದು ನಾನು ಅವರನ್ನು ತಿದ್ದಬೇಕಾಗಿತ್ತೆ? ಆ ಕವಿತೆಯ ಯಾವ ಮಾತೂ ಅವರ ಅರ್ಥವನ್ನು ಅಲ್ಲಗಳೆಯುವುದಿಲ್ಲ. ಎಲ್ಲ ಮಾತುಗಳೂ ಆ ಭಾರವನ್ನು ಹೊರುತ್ತವೆ.

ಇಲ್ಲಿ ನಮಗೊಂದು ಒರೆಗಲ್ಲು ದೊರೆಯುತ್ತದೆ ಎಂದು ನನ್ನ ನಂಬಿಕೆ. ಕೇಳುಗ ತನ್ನ ಬದುಕನ್ನು ಹಾಡಿಗೆ ಸೇರಿಸಬಹುದು. ಹಾಡಿನ ಮಾತನ್ನು ಕಳೆಯಬಾರದು. ಬೇಂದ್ರೆಯವರ ಗೀತದಲ್ಲಿ ಪ್ರೇಮವನ್ನಷ್ಟೇ ಕಾಣಬೇಕಾದರೆ ಆ ಹೆಣವನ್ನು ಮರೆಯಬೇಕು. ಪದುಮ ಜಾತ್ರೆಗೆ ಹೋಗಿದ್ದಳೆನ್ನಬೇಕಾದರೆ ಬೆಳಗಿನ ನೀರನ್ನು ಮರೆಯಬೇಕು. ಅಡಿಗರ ಹಾಡಿನಲ್ಲಿ ಮಗನ ಅಗಲಿಕೆಯನ್ನು ಕಾಣುವ ತಂದೆ ಏನನ್ನೂ ಮರೆಯಬೇಕಾಗಿಲ್ಲ.

ಈ ಒರೆಗಲ್ಲಿಗೆ ನನ್ನ ಪಾಠವನ್ನೇ ಉಜ್ಜಿ ನೋಡಿದರೆ ಏನಾಗುತ್ತದೆ? ನನ್ನ ವಿದ್ಯಾರ್ಥಿನಿ ಹಾಡಿನ ಒಂದು ಮಾತನ್ನೂ ಬಿಟ್ಟಿರಲಿಲ್ಲ. ಕವಿ ಹೇಳದೆ ಬಿಟ್ಟರೆಂದು ನೆಪ ಹೂಡಿ ಮಾತನ್ನು ಹಾರಿಸಿದವನು ನಾನು. ಕವಿ ಬಿಟ್ಟಿರಲಿಲ್ಲ, ಸೂಚಿಸಿದ್ದರು. ಸೂಚನೆ ತಿಳಿಯುವ ಮನೆಗಳು ಇದ್ದಾಗ ಅದನ್ನು ಬಿಡಿಸಿ ಹೇಳುವುದು ಅರಸಿಕತೆಯಾಗುತ್ತಿತ್ತು, ನಿಜ. ಆ ಮನೆಗಳು ಕಡಮೆಯಾಗಿವೆ, ಆಗಲೇಬೇಕಾದದ್ದೂ ಹೌದು. ಆದರೆ ಬಲ್ಲವರೂ ಬಾಯಿ ಮುಚ್ಚಿಕೊಂಡರೆ ಮುಂದಿನವರಿಗೆ ಇಂಪು ಉಳಿದೀತು, ಪದುಮ ಉಳಿಯಲಾರಳು.

ಈಚೆಗೆ ನನ್ನ ಮೊಮ್ಮಗಳು ಆ ಹಾಡನ್ನು ಕೇಳುತ್ತ, “ಪದುಮ ಎಲ್ಲಿಗೆ ಹೋಗಿದ್ದಳು, ತಾತ?” ಎಂದು ಅದೇ ಪ್ರಶ್ನೆಯನ್ನು ಹಾಕಿದಳು. ಈ ಸಲ ಬಿಡಿಸಿ ಹೇಳಿದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ, “ಹಾಗಾದರೆ ರಾಯರೇ ಹಿತ್ತಲಿಗೆ ಹೋಗಿ ಒಂದು ಮಾತು ಆಡಿಸಿ ಬರಬಹುದಿತ್ತಲ್ಲ?” ಎಂದಳು.

ಎಂ.ಎ. ಮಾಡಿ, ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಪ್ರಶ್ನೆ ಎಂದೂ ಹೊಳೆದಿರಲಿಲ್ಲ.